ನಕ್ಷೆಯಲ್ಲಿ ಕಾಣದ ಕೆಪ್ಯಾಸಿಟರ್: ಹೈ ವೋಲ್ಟೇಜ್ ಸಪ್ಲೈ ಬಗ್ಗೆ ಓದುಗರ ಪ್ರಶ್ನೆಗಳು

ಪ್ರಶ್ನೆ: 50 ಕಿಲೋಹರ್ಟ್ಸ್‌ನಲ್ಲಿ ಓಡುವ ಟ್ರಾನ್ಸ್‌ಫಾರ್ಮರ್‌ನಿಂದ 2 ಕಿಲೋವೋಲ್ಟ್ ಪೀಕ್ ಬರುತ್ತದೆ. ಅದಕ್ಕೆ 6 ಹಂತದ ಕಾಕ್‌ಕ್ರಾಫ್ಟ್-ವಾಲ್ಟನ್ ಮಲ್ಟಿಪ್ಲೈಯರ್ (ಡಯೋಡ್, ಕೆಪ್ಯಾಸಿಟರ್ ಹಂತಗಳಿಂದ ವೋಲ್ಟೇಜ್ ಏರಿಸುವ ಸರ್ಕ್ಯೂಟ್) ಜೋಡಿಸಿದ್ದೇನೆ. ಕೆಪ್ಯಾಸಿಟರ್ ಎಲ್ಲವೂ 1 ನ್ಯಾನೊಫ್ಯಾರಡ್. ಲೋಡ್ ಇಲ್ಲದಾಗ 24 ಕಿಲೋವೋಲ್ಟ್ ಸಿಗುತ್ತದೆ. 1 ಮಿಲಿಆಂಪಿಯರ್ ಎಳೆದರೆ 20ಕ್ಕಿಂತ ಕೆಳಗೆ ಇಳಿಯುತ್ತದೆ. ಡಯೋಡ್ ಕೆಟ್ಟಿದೆಯೇ?

ಉತ್ತರ: ಡಯೋಡನ್ನು ಅನುಮಾನಿಸುವ ಮೊದಲು ಲೆಕ್ಕ ಹಾಕಿ ನೋಡಿ. ಲೋಡ್ ಕರೆಂಟನ್ನು ಫ್ರೀಕ್ವೆನ್ಸಿ ಮತ್ತು ಕೆಪ್ಯಾಸಿಟೆನ್ಸ್‌ಗಳ ಗುಣಲಬ್ಧದಿಂದ ಭಾಗಿಸಿದರೆ ನಿಮಗೆ 20 ವೋಲ್ಟ್ ಬರುತ್ತದೆ. ಇದಕ್ಕೊಂದು ಗುಣಕವಿದೆ: ಹಂತಗಳ ಸಂಖ್ಯೆಯ ಘನದ ಮೂರನೇ ಎರಡು ಪಾಲಿಗೆ ವರ್ಗದ ಅರ್ಧ ಸೇರಿಸಿ, ಸಂಖ್ಯೆಯ ಆರನೇ ಒಂದು ಪಾಲು ಕಳೆಯಬೇಕು. 6 ಹಂತಕ್ಕೆ 144 + 18 − 1, ಅಂದರೆ 161. ಕುಸಿತ 3,220 ವೋಲ್ಟ್! ಉಳಿದ ಕುಸಿತಕ್ಕೆ ಬಹುಶಃ ನಿಮ್ಮ ಸೆರಾಮಿಕ್ ಕೆಪ್ಯಾಸಿಟರ್‌ಗಳೇ ಕಾರಣ. ಎಕ್ಸ್7ಆರ್ ಜಾತಿಯವು ಡಿಸಿ ವೋಲ್ಟೇಜ್ ಏರಿದಂತೆ ಕೆಪ್ಯಾಸಿಟೆನ್ಸ್ ಕಳೆದುಕೊಳ್ಳುತ್ತವೆ. ಮೇಲೆ ಅಚ್ಚಾದ 1 ನ್ಯಾನೊಫ್ಯಾರಡ್ ಕೆಲಸದ ವೇಳೆ ಇರುವುದಿಲ್ಲ.

ಘನ ಎಂಬ ಪದವನ್ನು ಗಮನಿಸಿ. ಹಂತಗಳನ್ನು 3ಕ್ಕೆ ಇಳಿಸಿ, ಟ್ರಾನ್ಸ್‌ಫಾರ್ಮರ್ ಪೀಕನ್ನು 4 ಕಿಲೋವೋಲ್ಟ್‌ಗೆ ಏರಿಸಿದರೆ ಗುಣಕ 22, ಕುಸಿತ ಬರೇ 440 ವೋಲ್ಟ್. ರಿಪಲ್ (ಔಟ್‌ಪುಟ್ ವೋಲ್ಟೇಜಿನ ಏರಿಳಿತ) ಕೂಡ 420ರಿಂದ 120 ವೋಲ್ಟ್‌ಗೆ ಇಳಿಯುತ್ತದೆ. ಆದರೆ ಪ್ರತಿ ಡಯೋಡ್ ಮೇಲೆ ಪೀಕಿನ ಎರಡು ಪಟ್ಟು, ಅಂದರೆ 8 ಕಿಲೋವೋಲ್ಟ್ ಬೀಳುತ್ತದೆ. ಮೊದಲನೆಯದನ್ನು ಬಿಟ್ಟರೆ ಕೆಪ್ಯಾಸಿಟರ್‌ಗಳಿಗೂ ಅಷ್ಟೇ. ಅದಕ್ಕೆ ತಕ್ಕ ರೇಟಿಂಗ್ ಬೇಕು. ಟ್ರಾನ್ಸ್‌ಫಾರ್ಮರ್ ಬದಲಿಸಲು ಆಗದಿದ್ದರೆ ಎಲ್ಲ ಕೆಪ್ಯಾಸಿಟರ್‌ಗಳನ್ನೂ 2.2 ನ್ಯಾನೊಫ್ಯಾರಡ್ ಮಾಡಿ; ಕುಸಿತ ಸುಮಾರು 1,460ಕ್ಕೆ ಬರುತ್ತದೆ. ಅಂದಹಾಗೆ, 1ಎನ್4007 ಡಯೋಡ್‌ಗಳನ್ನು ಸರಣಿಯಲ್ಲಿ ಪೋಣಿಸಿದ್ದರೆ ಈಗಲೇ ತೆಗೆದುಹಾಕಿ. ಅವು 50 ಹರ್ಟ್ಸ್ ಕೆಲಸಕ್ಕೆ ಮಾಡಿದವು. 20 ಮೈಕ್ರೊಸೆಕೆಂಡಿನ ಆವರ್ತದಲ್ಲಿ ಸಕಾಲಕ್ಕೆ ಮುಚ್ಚಿಕೊಳ್ಳದೆ ಹಿಮ್ಮುಖ ಕರೆಂಟನ್ನು ಬಿಟ್ಟು ಬಿಸಿಯಾಗುತ್ತವೆ. ಬದಲಿಗೆ ಯುಎಫ್4007 ಹಾಕಿ, ಅದು 75 ನ್ಯಾನೊಸೆಕೆಂಡಿನೊಳಗೆ ಮುಚ್ಚುತ್ತದೆ.

ಪ್ರಶ್ನೆ: 24 ವೋಲ್ಟ್ ಫುಲ್ ಬ್ರಿಜ್ (ನಾಲ್ಕು ಮಾಸ್‌ಫೆಟ್ ಸ್ವಿಚ್‌ಗಳ ಸರ್ಕ್ಯೂಟ್), 1:100 ಸುತ್ತಿನ ಫೆರೈಟ್ ಟ್ರಾನ್ಸ್‌ಫಾರ್ಮರ್, 50 ಕಿಲೋಹರ್ಟ್ಸ್. ಸೆಕೆಂಡರಿಗೆ ಏನೂ ಜೋಡಿಸಿಲ್ಲ, ಆದರೂ ಸಪ್ಲೈನಿಂದ 1 ಆಂಪಿಯರ್ ಹೋಗುತ್ತಿದೆ, ಮಾಸ್‌ಫೆಟ್‌ಗಳು ಕೈ ಸುಡುತ್ತವೆ. ಎಲ್ಲಿ ತಪ್ಪಿದೆ?

ಉತ್ತರ: ಸೆಕೆಂಡರಿಗೆ ಏನೂ ಜೋಡಿಸಿಲ್ಲ ಎನ್ನುತ್ತೀರಿ, ಆದರೆ ಅಲ್ಲೊಂದು ಕೆಪ್ಯಾಸಿಟರ್ ಆಗಲೇ ಕೂತಿದೆ: ಸುರುಳಿಯ ಪದರ ಪದರಗಳ ನಡುವಿನದು. ಅದು 20 ಪಿಕೊಫ್ಯಾರಡ್ ಎಂದಿಟ್ಟುಕೊಳ್ಳಿ. ಪ್ರೈಮರಿಯಿಂದ ನೋಡಿದರೆ ಸುತ್ತಿನ ಅನುಪಾತದ ವರ್ಗದಷ್ಟು, ಅಂದರೆ 10,000 ಪಟ್ಟು ದೊಡ್ಡದಾಗಿ 0.2 ಮೈಕ್ರೊಫ್ಯಾರಡ್ ಆಗಿ ಕಾಣುತ್ತದೆ. ಬ್ರಿಜ್ ಅದನ್ನು ಪ್ರತಿ ಆವರ್ತದಲ್ಲೂ +24ರಿಂದ −24ಕ್ಕೆ, ಮತ್ತೆ ವಾಪಸ್ಸು ಎಳೆದಾಡಬೇಕು. ಆ ಎಳೆದಾಟದಲ್ಲೇ 23 ವಾಟ್ ಹೋಗುತ್ತದೆ. ನಿಮ್ಮ 1 ಆಂಪಿಯರ್ ಲೆಕ್ಕಕ್ಕೆ ಸಿಕ್ಕಿತಲ್ಲ?

ಅಳೆಯುವುದು ಸುಲಭ. ಬ್ರಿಜ್ ಬಿಚ್ಚಿ, ಸಿಗ್ನಲ್ ಜನರೇಟರಿನಿಂದ 10 ಕಿಲೋಓಮ್ ಮೂಲಕ ಪ್ರೈಮರಿಗೆ ಕೊಡಿ. ಸ್ಕೋಪನ್ನು ಪ್ರೈಮರಿಗೇ ಹಾಕಿ, ಸೆಕೆಂಡರಿಗೆ ಬೇಡ: ಪ್ರೋಬಿನ ಹತ್ತು ಹದಿನೈದು ಪಿಕೊಫ್ಯಾರಡ್ ಅಲ್ಲಿ ಸೇರಿದರೆ ನೀವು ಅಳೆಯುವುದು ಪ್ರೋಬನ್ನೇ. ಫ್ರೀಕ್ವೆನ್ಸಿ ಏರಿಸುತ್ತಾ ಹೋಗಿ, ವೋಲ್ಟೇಜ್ ಗರಿಷ್ಠವಾಗುವ ಜಾಗವನ್ನು ಗುರುತಿಸಿ. ಸೆಕೆಂಡರಿ ಇಂಡಕ್ಟೆನ್ಸ್ 1 ಹೆನ್ರಿ ಇದ್ದು ಗರಿಷ್ಠ 35.6 ಕಿಲೋಹರ್ಟ್ಸ್‌ನಲ್ಲಿ ಬಂದರೆ ಕೆಪ್ಯಾಸಿಟೆನ್ಸ್ 20 ಪಿಕೊಫ್ಯಾರಡ್.

ಈ ಕೆಪ್ಯಾಸಿಟೆನ್ಸ್ ಇಳಿಸಲು ಉದ್ದ ಪದರಗಳನ್ನು ಬಿಟ್ಟು, 5–6 ಖಾನೆಗಳ ಬಾಬಿನ್‌ನಲ್ಲಿ ಖಾನೆಗೊಂದು ಪಾಲು ಸುತ್ತಿ. ಹಾಗೆ ಮಾಡಿದರೆ ಅಕ್ಕಪಕ್ಕದ ಸುತ್ತುಗಳ ನಡುವೆ ಬೀಳುವ ವೋಲ್ಟೇಜ್ ಕೂಡ ಕಡಿಮೆ, ಇನ್ಸುಲೇಷನ್ನಿಗೂ ಒಳ್ಳೆಯದು. ಪೂರ್ತಿ ತೊಲಗಿಸಲು ಮಾತ್ರ ಸಾಧ್ಯವಿಲ್ಲ. ಹಾಗಾಗಿ ಪ್ರೈಮರಿಗೆ ಸರಣಿಯಲ್ಲಿ ಇಂಡಕ್ಟರ್ ಹಾಕಿ ಇದೇ ಕೆಪ್ಯಾಸಿಟೆನ್ಸ್ ಜೊತೆ ರೆಸೊನೆಂಟ್ ಮಾಡಿಕೊಳ್ಳುವುದೇ ಜಾಣತನ: ಸೈನ್ ಅಲೆಯಲ್ಲಿ ಆ ಶಕ್ತಿ ಸುಡದೆ ಹೋಗಿ ಬರುತ್ತಿರುತ್ತದೆ. ಎಚ್ಚರ, ಲೋಡ್ ಇಲ್ಲದಾಗ ವೋಲ್ಟೇಜ್ ಮಿತಿ ಮೀರಿ ಏರಬಹುದು. ಫೀಡ್‌ಬ್ಯಾಕ್ ಇಲ್ಲದೆ ಓಡಿಸಬೇಡಿ.

ಪ್ರಶ್ನೆ: 15 ಕಿಲೋವೋಲ್ಟ್ ಟ್ರಾನ್ಸ್‌ಫಾರ್ಮರನ್ನು ಎಪಾಕ್ಸಿಯಲ್ಲಿ ಮುಳುಗಿಸಿದ್ದೆ. ಕೆಲವು ಗಂಟೆ ಓಡಿ ಒಳಗೇ ಶಾರ್ಟ್ ಆಯಿತು. ಎಪಾಕ್ಸಿ ಮಿಲಿಮೀಟರಿಗೆ 15 ಕಿಲೋವೋಲ್ಟ್ ತಡೆಯುತ್ತದಲ್ಲವೇ?

ಉತ್ತರ: ಎಪಾಕ್ಸಿ ತಡೆಯುತ್ತದೆ, ಅದರೊಳಗಿನ ಗುಳ್ಳೆ ತಡೆಯುವುದಿಲ್ಲ. ಗಾಳಿ ಮಿಲಿಮೀಟರಿಗೆ ಸುಮಾರು 3 ಕಿಲೋವೋಲ್ಟ್‌ಗೇ ಸೋಲುತ್ತದೆ. ಎಪಾಕ್ಸಿಯ ಪರ್ಮಿಟಿವಿಟಿ (ಗಾಳಿಗೆ ಹೋಲಿಸಿದರೆ ವಿದ್ಯುತ್ ಫೀಲ್ಡನ್ನು ಎಷ್ಟು ಪಟ್ಟು ತಗ್ಗಿಸುತ್ತದೆ ಎಂಬ ಅಳತೆ) ಸುಮಾರು 4 ಆದ್ದರಿಂದ, ಪದರಗಳ ನಡುವೆ ಚಪ್ಪಟೆಯಾಗಿ ಸಿಕ್ಕಿಬಿದ್ದ ಗುಳ್ಳೆಯ ಮೇಲೆ ಬೀಳುವ ಫೀಲ್ಡ್ ಸುತ್ತಲಿನದಕ್ಕಿಂತ ಸುಮಾರು 4 ಪಟ್ಟು. ಗುಳ್ಳೆಯೊಳಗೆ ಪ್ರತಿ ಆವರ್ತಕ್ಕೂ ಸಣ್ಣ ಕಿಡಿ ಹಾರಿ ಗೋಡೆಯನ್ನು ಕೊರೆಯುತ್ತದೆ. 50 ಹರ್ಟ್ಸ್‌ನಲ್ಲಿ ವರ್ಷಗಟ್ಟಲೆ ಹಿಡಿಯುವ ಕೊರೆತ 50 ಕಿಲೋಹರ್ಟ್ಸ್‌ನಲ್ಲಿ ಸಾವಿರ ಪಟ್ಟು ಬೇಗ ನಡೆಯುತ್ತದೆ.

ಸುರುಳಿಯನ್ನು ಒಣಗಿಸಿ, 50–60 ಡಿಗ್ರಿಗೆ ಬೆಚ್ಚಗೆ ಮಾಡಿ, ಎಪಾಕ್ಸಿಯನ್ನು ವ್ಯಾಕ್ಯೂಮಿನಲ್ಲಿ ಸುರಿಯಿರಿ. ನೊರೆ ಉಕ್ಕಿ ಇಳಿದ ಮೇಲೆ ನಿಧಾನವಾಗಿ ಗಾಳಿ ಬಿಡಿ, ಆ ಒತ್ತಡವೇ ದ್ರವವನ್ನು ಒಳಗೆ ತಳ್ಳುತ್ತದೆ. ಪದರಗಳ ನಡುವೆ ಅಂಟು ಟೇಪ್ ಬಿಗಿದಿದ್ದರೆ ಇದೆಲ್ಲ ವ್ಯರ್ಥ, ಎಪಾಕ್ಸಿ ಒಳಗೆ ಇಳಿಯುವುದೇ ಇಲ್ಲ. ಹೀರಿಕೊಳ್ಳುವ ಕಾಗದ ಬಳಸಿ. ವ್ಯಾಕ್ಯೂಮಿನೊಳಗೇ ವೋಲ್ಟೇಜ್ ಕೊಟ್ಟು ಪರೀಕ್ಷಿಸಬೇಡಿ: ತೆಳುಗಾಳಿ ಮಾಮೂಲು ಗಾಳಿಗಿಂತ ಬೇಗ ಕಿಡಿ ಬಿಡುತ್ತದೆ.

ಪ್ರಶ್ನೆ: ಔಟ್‌ಪುಟ್ ಒಮ್ಮೆ ಆರ್ಕ್ ಆದರೆ (ಕಿಡಿ ಹಾರಿದರೆ) ಸಾಕು, ಮಲ್ಟಿಪ್ಲೈಯರ್ ಡಯೋಡ್‌ಗಳು ಸಾಯುತ್ತವೆ. ಏಕೆ?

ಉತ್ತರ: ಕೆಪ್ಯಾಸಿಟರ್‌ಗಳ ಚಾರ್ಜ್ ಒಮ್ಮೆಲೇ ಹೊರನುಗ್ಗುವಾಗ ತಡೆಯಲು ಏನೂ ಇಲ್ಲ. 24 ಕಿಲೋವೋಲ್ಟ್ ಔಟ್‌ಪುಟ್‌ಗೆ ಸರಣಿಯಲ್ಲಿ 22 ಕಿಲೋಓಮ್ ಇಟ್ಟರೆ ಆರ್ಕ್ ಕರೆಂಟ್ 1 ಆಂಪಿಯರ್ ಆಸುಪಾಸಿನಲ್ಲಿ ನಿಲ್ಲುತ್ತದೆ, 1 ಮಿಲಿಆಂಪಿಯರ್ ಲೋಡಿನಲ್ಲಿ ನಷ್ಟ ಬರೇ 22 ವೋಲ್ಟ್. ಒಂದೇ ರೆಸಿಸ್ಟರ್ ಬೇಡ, ಆರ್ಕ್ ಗಳಿಗೆಯಲ್ಲಿ ಪೂರ್ತಿ 24 ಕಿಲೋವೋಲ್ಟ್ ಅದರ ಮೇಲೇ ಬೀಳುತ್ತದೆ. 2.2 ಕಿಲೋಓಮ್‌ನ ಹತ್ತನ್ನು ಸಾಲಾಗಿ ಬೆಸೆಯಿರಿ, ಕಾರ್ಬನ್ ಕಾಂಪೊಸಿಷನ್ ಆದರೆ ಉತ್ತಮ. ಮೆಟಲ್ ಫಿಲ್ಮಿನ ತೆಳು ಪದರ ಇಂಥ ಹೊಡೆತಕ್ಕೆ ಬಾಳುವುದಿಲ್ಲ. ಬೆಸುಗೆಯ ಮೊನೆಗಳನ್ನು ಗುಂಡಗೆ ಮಾಡಿ, ಚೂಪು ತುದಿಯಿಂದಲೇ ಕರೋನಾ (ಗಾಳಿಯೊಳಕ್ಕೆ ಸೋರುವ ವಿದ್ಯುತ್) ಶುರುವಾಗುವುದು.