ಹಳೆಯ ರೈಫಲ್‌ಗಳ ಸೆಟ್ ಟ್ರಿಗರ್ ಮತ್ತೆ ತಯಾರಿಸುವುದು ಅಷ್ಟು ಕಷ್ಟವೇ?

ಉತ್ಪಾದನೆ ನಿಂತ ಸೆಟ್ ಟ್ರಿಗರ್ ಅನ್ನು (ಮೊದಲೇ ಅಣಿಮಾಡಿಕೊಂಡರೆ ಬೆರಳು ಮುಟ್ಟಿದರೂ ಗುಂಡು ಹಾರಿಸುವ ಟ್ರಿಗರ್) ಹಳೆಯ ಬೋಲ್ಟ್ ಆಕ್ಷನ್ ರೈಫಲ್‌ಗಳಿಗಾಗಿ, ಅಂದರೆ ಪ್ರತಿ ಗುಂಡಿಗೂ ಬೋಲ್ಟ್ ಅನ್ನು ಕೈಯಿಂದ ಎಳೆದು ತಳ್ಳುವ ರೈಫಲ್‌ಗಳಿಗಾಗಿ, ಮತ್ತೆ ಮಾಡಬಹುದೇ ಎಂದು ಕೇಳಿದ್ದೀರಿ. ಮಾಡಬಹುದು. ಆದರೆ ಹಳೆಯ ಭಾಗವನ್ನು ಅಳೆದು ಸುಮ್ನೆ ನಕಲು ಮಾಡಿದರೆ ಸಾಲದು.

ಮೊದಲು ಅದರ ಕೆಲಸ ನೋಡೋಣ. ಮೌಸರ್ 98 ಮಾದರಿಯ ಬೇಟೆ ರೈಫಲ್‌ಗಳಲ್ಲಿ ಎರಡು ಟ್ರಿಗರ್ ಇರುವುದನ್ನು ನೋಡಿರುತ್ತೀರಿ. ಸಾಮಾನ್ಯವಾಗಿ ಹಿಂದಿನದನ್ನು ಎಳೆದರೆ ಒಳಗೊಂದು ಸ್ಪ್ರಿಂಗ್ ಬಿಗಿಯಾಗಿ ಸಿಕ್ಕಿ ನಿಲ್ಲುತ್ತದೆ; ಇದೇ ಸೆಟ್ ಮಾಡುವುದು. ಆಮೇಲೆ ಮುಂದಿನದನ್ನು ಮುಟ್ಟಿದರೆ ಸಾಕು, ಆ ಸ್ಪ್ರಿಂಗ್‌ನ ಬಲದಿಂದ ಒಂದು ಪುಟ್ಟ ಸನ್ನೆ ಹಾರಿ ಸಿಯರ್‌ಗೆ (ಗುಂಡು ಹಾರಿಸುವ ಪಿನ್ನನ್ನು ತಡೆದು ಹಿಡಿದಿರುವ ಕೊಂಡಿಗೆ) ಬಡಿಯುತ್ತದೆ. ಅಂದರೆ ಸಿಯರ್ ಬಿಡಿಸುವುದು ಬೆರಳಲ್ಲ, ಆ ಪೆಟ್ಟು. ಒಂಥರಾ ಇಲಿಬೋನು ಇದ್ದ ಹಾಗೆ!

ತೊಂದರೆ ಇರುವುದೂ ಇಲ್ಲೇ. ಬಿಗಿದ ಸ್ಪ್ರಿಂಗನ್ನು ಹಿಡಿದಿಡುವ ಅಂಚು ತೀರಾ ಚಿಕ್ಕದು. ಉಕ್ಕು ಮೆತ್ತಗಿದ್ದರೆ ಬೇಗ ಸವೆಯುತ್ತದೆ, ತೀರಾ ಗಡುಸಾದರೆ ಅಂಚು ಮುರಿಯುತ್ತದೆ. ಸೆಟ್ ಮಾಡಿದ ಬಂದೂಕಿಗೆ ಸಣ್ಣ ಏಟು ಬಿದ್ದರೂ ಗುಂಡು ಹಾರಬಹುದು. ಜೊತೆಗೆ ಹಳೆಯ ರೈಫಲ್‌ಗಳ ಅಳತೆ ಒಂದರಂತೆ ಒಂದಿರುವುದಿಲ್ಲ. ಸಿಯರ್ ಸವೆದಿರುತ್ತದೆ, ಯಾರೋ ಎಂದೋ ಅರದಿಂದ ಉಜ್ಜಿರುತ್ತಾರೆ. ಹಾಗಾಗಿ ಪ್ರತಿಯೊಂದಕ್ಕೂ ಪರಿಣತರೇ ಕೈಯಿಂದ ಹೊಂದಿಸಿ, ಖಾಲಿ ಬಂದೂಕನ್ನು ಬೀಳಿಸಿ ಪರೀಕ್ಷೆ ಮಾಡಬೇಕು. ಟ್ರಿಗರ್ ಕೂರಲು ಜಾಗ ಸಾಲದಿದ್ದರೆ ಮರದ ಹಿಡಿಯನ್ನೂ ಕೊರೆಯಬೇಕಾದೀತು.

ಹಗುರವಾದ ಎಳೆತವಷ್ಟೇ ಬೇಕಿದ್ದರೆ ಈಗಿನ ಹೊಂದಿಸಬಹುದಾದ ಒಂಟಿ ಟ್ರಿಗರ್ ಸಾಕು. ಸೆಟ್ ಟ್ರಿಗರ್‌ಗೆ ಬೇಡಿಕೆ ಕುಗ್ಗಿದ್ದಕ್ಕೆ ಅದೂ ಒಂದು ಕಾರಣ, ಅಲ್ವಾ? ಹಳೆಯ ರೂಪವೇ ಉಳಿಯಬೇಕೆಂದರೆ ಮಾತ್ರ ನಾನು ಸೆಟ್ ಟ್ರಿಗರ್ ಮತ್ತೆ ಮಾಡಿಸುವ ದಾರಿ ಹಿಡಿಯುತ್ತಿದ್ದೆ.