ಸೋಂಕು ದೃಢಪಟ್ಟಿದೆ, ಲಕ್ಷಣಗಳಿಲ್ಲ: ಲಕ್ಷಣರಹಿತ ವಾಹಕರಿಗೆ ಮುಂದೇನಾಗುತ್ತದೆ?

ಕೋವಿಡ್ ದೃಢಪಟ್ಟು ಎರಡು ದಿನವಾಗಿದೆ, ಲಕ್ಷಣಗಳಿಲ್ಲ, ಮನೆಯಲ್ಲಿ ವಯಸ್ಸಾದ ತಂದೆಯವರಿದ್ದಾರೆ, ಲಕ್ಷಣರಹಿತ ವಾಹಕರಿಗೆ (ಲಕ್ಷಣ ತೋರದೆಯೇ ಸೋಂಕನ್ನು ಹೊತ್ತವರಿಗೆ) ಮುಂದೇನಾಗುತ್ತದೆ ಎಂದು ಕೇಳಿದ್ದೀರಿ. ನಿಮ್ಮ ಪ್ರಶ್ನೆಯನ್ನು ಓದುತ್ತಿದ್ದಂತೆ 2020ರ ಸೆಪ್ಟೆಂಬರಿನಲ್ಲಿ ನನ್ನ ಕೈಗೆ ಬಂದ ವರದಿ ನೆನಪಾಯಿತು. ಸಹೋದ್ಯೋಗಿಗೆ ಸೋಂಕು ತಗುಲಿತೆಂದು ಪರೀಕ್ಷೆ ಮಾಡಿಸಿಕೊಂಡದ್ದು, ವೈರಾಣುವಿನ ಅಂಶ ಹುಡುಕುವ ಆರ್‌ಟಿ-ಪಿಸಿಆರ್ ಪಾಸಿಟಿವ್ ಬಂದದ್ದು, ಮೈಯಲ್ಲಿ ಯಾವ ತೊಂದರೆಯೂ ಕಾಣದಿದ್ದದ್ದು, ಮನೆಯಲ್ಲಿ ಎಪ್ಪತ್ತು ದಾಟಿದ ತಂದೆಯವರಿದ್ದದ್ದು, ಎಲ್ಲವೂ ನಿಮ್ಮಂತೆಯೇ. ಆದರೆ ನಿಮ್ಮ ಪ್ರಶ್ನೆಯ ಬುಡದಲ್ಲಿರುವ ಮಾತನ್ನೇ ನಾನು ಒಪ್ಪುವುದಿಲ್ಲ. ವರದಿ ಬಂದ ಎರಡನೆಯ ದಿನ ನೀವು ಲಕ್ಷಣರಹಿತ ವಾಹಕರೆಂದು ಯಾರೂ ಹೇಳಲಾರರು. ಲಕ್ಷಣಗಳು ಇನ್ನೂ ಕಾಣಿಸಿಕೊಂಡಿಲ್ಲ ಎಂದಷ್ಟೇ ಹೇಳಬಹುದು. ಸೋಂಕು ತಗುಲಿದ ಮೇಲೆ ಲಕ್ಷಣ ತೋರಲು ಸಾಮಾನ್ಯವಾಗಿ ಐದಾರು ದಿನ, ಕೆಲವೊಮ್ಮೆ ಹದಿನಾಲ್ಕು ದಿನಗಳವರೆಗೂ ಬೇಕಾಗುತ್ತಿತ್ತು. ವೈರಾಣುವಿನ ಈಚಿನ ರೂಪಾಂತರಿಗಳಲ್ಲಿ ಅದು ಇನ್ನೂ ಕಡಿಮೆ. ಆ ಅವಧಿ ಕಳೆದ ಮೇಲೆ ಹಿಂದಿರುಗಿ ನೋಡಿ ಕೊಡಬೇಕಾದ ಹೆಸರನ್ನು ನಾನು ಮೊದಲ ದಿನವೇ ನನಗೆ ಕೊಟ್ಟುಕೊಂಡೆ.

ಕೋಣೆಯೊಂದರಲ್ಲಿ ಪ್ರತ್ಯೇಕವಾಗಿಯೇ ಇದ್ದೆ. ಬೆಳಿಗ್ಗೆ ಮತ್ತು ಸಂಜೆ ತಪ್ಪದೆ ಥರ್ಮಾಮೀಟರ್ ಇಟ್ಟುಕೊಳ್ಳುತ್ತಿದ್ದೆ, ಅಂಕಿಗಳನ್ನು ಹಾಳೆಯೊಂದರಲ್ಲಿ ಬರೆದಿಡುತ್ತಿದ್ದೆ. ಜ್ವರ ಒಂದು ದಿನವೂ ಬರಲಿಲ್ಲ. ಮೂರನೆಯ ದಿನ ಮೈ ಭಾರವೆನಿಸಿತು. ಕೋಣೆಯೊಳಗೇ ಕುಳಿತಿರುವುದರಿಂದ ಹೀಗಾಗಿದೆ ಎಂದುಕೊಂಡೆ. ನಾಲ್ಕನೆಯ ದಿನ ಸಂಜೆ ತಂದೆಯವರು ಬಾಗಿಲ ಹೊರಗೆ ನಿಂತು, ‘ಜ್ವರ ಇಲ್ಲವಲ್ಲಪ್ಪ, ಎಷ್ಟು ದಿನ ಒಳಗೇ ಇರ್ತೀಯ? ಬಾ, ಸ್ವಲ್ಪ ಹೊತ್ತು ಕೂತ್ಕೋ’ ಎಂದರು. ನಾನು ಹೋದೆ. ಕಿಟಕಿ ಮುಚ್ಚಿದ್ದ ಕೋಣೆಯಲ್ಲಿ ಗಂಟೆಗೂ ಹೆಚ್ಚು ಕಾಲ ಮಾತನಾಡಿದೆವು. ಮರುದಿನ ಬೆಳಿಗ್ಗೆ ಸ್ನಾನ ಮಾಡುವಾಗ ಸೋಪಿನ ವಾಸನೆ ಬರಲಿಲ್ಲ. ಮೂಗಿಗೆ ಹತ್ತಿರ ಹಿಡಿದರೂ ಬರಲಿಲ್ಲ.

ನನ್ನ ತಪ್ಪು ಹೊರಗೆ ಬಂದದ್ದು ಎಂದು ಎಲ್ಲರೂ ಹೇಳುತ್ತಾರೆ. ನಾನು ಹಾಗೆ ಎಣಿಸುವುದಿಲ್ಲ. ಅದಕ್ಕಿಂತ ಮೊದಲೇ, ಹಾಳೆಯಲ್ಲಿ ದೇಹದ ಉಷ್ಣತೆಗೆ ಮಾತ್ರ ಜಾಗ ಬಿಟ್ಟುಕೊಂಡಾಗಲೇ ತಪ್ಪಾಗಿತ್ತು. ಜ್ವರವಿಲ್ಲ ಎಂಬುದನ್ನು ಲಕ್ಷಣವಿಲ್ಲ ಎಂದು ಓದಿಕೊಂಡೆ. ಆಯಾಸ, ತಲೆನೋವು, ಗಂಟಲಿನ ಕೆರೆತ, ವಾಸನೆ ಮತ್ತು ರುಚಿ ತಿಳಿಯದಿರುವುದು, ಭೇದಿ, ಇವೆಲ್ಲವೂ ಲಕ್ಷಣಗಳೇ. ಇವುಗಳಲ್ಲಿ ಒಂದನ್ನೂ ನಾನು ನನ್ನನ್ನೇ ಕೇಳಿಕೊಳ್ಳಲಿಲ್ಲ. ಕೇಳಿಕೊಂಡಿದ್ದರೆ ಮೂರನೆಯ ದಿನದ ಆ ಭಾರಕ್ಕೆ ಬೇರೆ ಕಾರಣ ಹುಡುಕುತ್ತಿರಲಿಲ್ಲ. ಲಕ್ಷಣ ಶುರುವಾಗುವ ಎರಡು ದಿನ ಮೊದಲಿನಿಂದಲೇ ವ್ಯಕ್ತಿ ಸೋಂಕನ್ನು ಹರಡಬಲ್ಲ, ಶುರುವಾಗುವ ಹೊತ್ತಿನ ಆಸುಪಾಸಿನಲ್ಲಿ ಹರಡುವಿಕೆ ಅತಿ ಹೆಚ್ಚು. ಅಂದರೆ ಇಡೀ ಹದಿನೈದು ದಿನಗಳಲ್ಲಿ ತಂದೆಯವರ ಎದುರು ಕೂರಬಾರದ ಸಂಜೆಯೊಂದಿದ್ದರೆ ಅದು ಆ ನಾಲ್ಕನೆಯ ಸಂಜೆ. ಒಂದು ಅಂಕಿ ಸರಿಯಾಗಿದೆಯೆಂಬ ನೆಮ್ಮದಿಯಿಂದ ನಾನು ಅದನ್ನೇ ಆರಿಸಿಕೊಂಡೆ.

ನಾಲ್ಕು ದಿನಗಳ ನಂತರ ತಂದೆಯವರಿಗೆ ಕೆಮ್ಮು ಆರಂಭವಾಯಿತು. ಕೆಮ್ಮಿನ ಆರನೆಯ ದಿನ, ಅವರು ‘ಚೆನ್ನಾಗಿದ್ದೇನೆ’ ಎನ್ನುತ್ತಿರುವಾಗಲೇ, ರಕ್ತದ ಆಮ್ಲಜನಕದ ಮಟ್ಟ ಅಳೆಯುವ ಪಲ್ಸ್ ಆಕ್ಸಿಮೀಟರ್ ಶೇಕಡಾ 89 ತೋರಿಸಿತು. ಆಸ್ಪತ್ರೆಯಲ್ಲಿ ಹನ್ನೊಂದು ದಿನ ಆಮ್ಲಜನಕ ಕೊಟ್ಟರು. ಗುಣವಾಗಿ ಮನೆಗೆ ಬಂದರು, ಆದರೆ ಮೆಟ್ಟಿಲು ಹತ್ತುವಾಗ ಇಂದಿಗೂ ನಡುವೆ ಒಮ್ಮೆ ನಿಲ್ಲುತ್ತಾರೆ.

ಕೊನೆಯವರೆಗೂ ಯಾವ ಲಕ್ಷಣವೂ ಕಾಣದವರು ನಿಜವಾಗಿಯೂ ಇದ್ದಾರೆ, ಅವರಲ್ಲಿ ಬಹುಪಾಲು ಮಂದಿ ಚಿಕಿತ್ಸೆಯೇ ಇಲ್ಲದೆ ಚೇತರಿಸಿಕೊಳ್ಳುತ್ತಾರೆ. ಹಾಗೆಂದು ಅವರ ದೇಹದಲ್ಲಿ ಏನೂ ನಡೆಯುವುದಿಲ್ಲವೆಂದಲ್ಲ. 2020ರ ಫೆಬ್ರುವರಿಯಲ್ಲಿ ಜಪಾನಿನ ಯೊಕೊಹಾಮಾ ಬಂದರಿನಲ್ಲಿ ತಡೆಹಿಡಿಯಲಾದ ಡೈಮಂಡ್ ಪ್ರಿನ್ಸೆಸ್ ಹಡಗಿನ ಸೋಂಕಿತರಲ್ಲಿ ಲಕ್ಷಣವಿಲ್ಲದ 76 ಮಂದಿಯ ಸಿ.ಟಿ. ಸ್ಕ್ಯಾನ್ ನೋಡಿದಾಗ 41 ಮಂದಿಯ ಶ್ವಾಸಕೋಶದಲ್ಲಿ ಮಸುಕಾದ ಛಾಯೆ ಕಂಡಿತು. ಇಟಲಿಯ ವೋ ಎಂಬ ಊರಿನಲ್ಲಿ ಹೆಚ್ಚುಕಡಿಮೆ ಎಲ್ಲರನ್ನೂ ಪರೀಕ್ಷಿಸಿದಾಗ ಸೋಂಕಿತರಲ್ಲಿ ಶೇಕಡಾ 40ಕ್ಕೂ ಹೆಚ್ಚು ಮಂದಿಗೆ ಲಕ್ಷಣಗಳಿರಲಿಲ್ಲ. ಲಕ್ಷಣವಿದ್ದವರಿಗೂ ಇಲ್ಲದವರಿಗೂ ವೈರಾಣುವಿನ ಪ್ರಮಾಣದಲ್ಲಿ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ಲಕ್ಷಣವಿಲ್ಲದವರು ಸರಾಸರಿಯಾಗಿ ಕಡಿಮೆ ಹರಡುತ್ತಾರೆಂದು ಅನೇಕ ಅಧ್ಯಯನಗಳು ತೋರಿಸಿವೆ, ಅದು ನಿಜ. ಆದರೆ ಸರಾಸರಿಯನ್ನು ನಂಬಿ ವೃದ್ಧ ತಂದೆಯ ಪಕ್ಕದಲ್ಲಿ ಕೂರಬೇಡಿ.

ಮತ್ತೆ ಆರ್‌ಟಿ-ಪಿಸಿಆರ್ ಮಾಡಿಸಿ ನೆಗೆಟಿವ್ ಬರುವವರೆಗೆ ಕಾಯಬೇಕೇ ಎಂದು ಕೇಳಿದ್ದೀರಿ. ಬೇಡ. ಸತ್ತ ವೈರಾಣುವಿನ ಚೂರುಗಳನ್ನೂ ಆ ಪರೀಕ್ಷೆ ಹಿಡಿಯುವುದರಿಂದ, ಹರಡುವ ಶಕ್ತಿ ಹೋಗಿ ವಾರಗಳಾದ ಮೇಲೂ ಅದು ಪಾಸಿಟಿವ್ ಬರಬಹುದು. ಇತ್ತ ನಾಳೆಯೇ, ನಿಮಿಷಗಳಲ್ಲೇ ಫಲಿತಾಂಶ ಕೊಡುವ ರ‍್ಯಾಪಿಡ್ ಆಂಟಿಜೆನ್ ಪರೀಕ್ಷೆ ಮಾಡಿ ನೆಗೆಟಿವ್ ಬಂತೆಂದು ಹೊರಗೆ ಬಂದರೆ ಅದು ಇನ್ನೂ ಕೆಟ್ಟದ್ದು, ಏಕೆಂದರೆ ಲಕ್ಷಣವಿಲ್ಲದವರಲ್ಲಿ ಅದು ಸೋಂಕನ್ನು ಪತ್ತೆಹಚ್ಚದೆ ಬಿಡುವುದು ಹೆಚ್ಚು. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಲಕ್ಷಣವಿಲ್ಲದವರಿಗೆ ಪರೀಕ್ಷೆಯ ದಿನದಿಂದ ಹತ್ತು ದಿನಗಳ ಪ್ರತ್ಯೇಕವಾಸ ಹೇಳಿತ್ತು, 2023ರ ಜನವರಿಯಲ್ಲಿ ಅದನ್ನು ಐದಕ್ಕೆ ಇಳಿಸಿತು. ಮನೆಯಲ್ಲಿ ವಯಸ್ಸಾದವರಿರುವಾಗ ನಾನಂತೂ ಹತ್ತನ್ನೇ ಹಿಡಿಯುತ್ತೇನೆ. ನಡುವೆ ಯಾವುದಾದರೂ ಲಕ್ಷಣ ಕಾಣಿಸಿದರೆ ಎಣಿಕೆಯನ್ನು ಅಂದಿನಿಂದ ಮತ್ತೆ ಶುರುಮಾಡಿ.

ನಿಮ್ಮ ಹಾಳೆಯಲ್ಲಿ ಜ್ವರದ ಪಕ್ಕದಲ್ಲಿ ಆಯಾಸ, ವಾಸನೆ, ಆಮ್ಲಜನಕದ ಮಟ್ಟ ಇವುಗಳಿಗೂ ಜಾಗವಿರಲಿ. ತಂದೆಯವರಿಗೂ ಇಂದಿನಿಂದಲೇ ಒಂದು ಹಾಳೆ ಇಡಿ, ಏಕೆಂದರೆ ವರದಿ ಬರುವ ಮೊದಲು ನೀವಿಬ್ಬರೂ ಒಂದೇ ಮನೆಯಲ್ಲಿ ಓಡಾಡಿದ್ದೀರಿ. ಅವರ ಆಮ್ಲಜನಕ ಶೇಕಡಾ 94ಕ್ಕಿಂತ ಕೆಳಗಿಳಿದರೆ, ಅವರು ಎಷ್ಟೇ ಚೆನ್ನಾಗಿದ್ದೇನೆ ಎಂದರೂ ಕೇಳಬೇಡಿ, ಅಂದೇ ವೈದ್ಯರಿಗೆ ತೋರಿಸಿ.