ಹೆಡ್‌ಮಾಸ್ಟರು ಹಿಂದಿನ ಬೆಂಚಿನಲ್ಲಿ ಕೂತರೆ

ಪ್ರಶ್ನೆ: ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರದ ಕನ್ನಡ ಮಾಧ್ಯಮ ಹೈಸ್ಕೂಲಿಗೆ ಹೊಸದಾಗಿ ಸೇರಿದ್ದೇನೆ. ರಸಾಯನಶಾಸ್ತ್ರ ಕಲಿಸುತ್ತೇನೆ. ಮುಂದಿನ ವಾರ ಹೆಡ್‌ಮಾಸ್ಟರು ಕ್ಲಾಸು ನೋಡಲು ಬರುತ್ತಾರಂತೆ. ಏನು ನೋಡುತ್ತಾರೆ ಮಾಸ್ಟ್ರೇ?

ಉತ್ತರ: ಹೆದರಬೇಡಿ ಟೀಚರೇ. 11 ವರ್ಷ ನಾನೂ ಹೆಡ್‌ಮಾಸ್ಟರಾಗಿ ಹಾಗೆ ಹಿಂದಿನ ಬೆಂಚಿನಲ್ಲಿ ಕೂತವನು. ಮೊದಲು ಟೀಚಿಂಗ್ ಮ್ಯಾನುವಲ್, ಅಂದರೆ ಟೀಚರು ಬರೆದಿಟ್ಟ ಪಾಠಯೋಜನೆಯ ಪುಸ್ತಕ, ಕೇಳುತ್ತಿದ್ದೆ, ನಿಜ. ಅದನ್ನು ತಿರುವಿ ಹಾಕಲು ಎರಡು ನಿಮಿಷ ಸಾಕು. ಆಮೇಲೆ ನನ್ನ ಕಣ್ಣು ಮಕ್ಕಳ ಕೈಮೇಲೆ. ಒಮ್ಮೆ ಒಬ್ಬರು ಆಮ್ಲ, ಕ್ಷಾರದ ಪಾಠ ಮಾಡುತ್ತಿದ್ದರು. ಲಿಟ್ಮಸ್ ಕಾಗದ ಮುಗಿದಿತ್ತು. ಅಂಗಳದ ಕೆಂಪು ದಾಸವಾಳ ಜಜ್ಜಿ, ರಸಕ್ಕೆ ಮಕ್ಕಳ ಕೈಯಲ್ಲೇ ಸಾಬೂನು ನೀರು ಹಾಕಿಸಿದರು. ಹಸಿರಾಯಿತು! ನಿಂಬೆ ಹಿಂಡಿದರೆ ಮತ್ತೆ ಕೆಂಪು. ಕೊನೆಯ ಸಾಲಿನ ಹುಡುಗ, "ಪುನರ್ಪುಳಿ ಹಣ್ಣಿನ ರಸದಲ್ಲೂ ಆಗ್ತದಾ ಟೀಚರ್?" ಅಂದ. ಆ ಪ್ರಶ್ನೆ ಬಂದ ಮೇಲೆ ನಾನು ಬೇರೇನೂ ನೋಡಲಿಲ್ಲ. ಬರೀ ನೋಟ್ಸ್ ಬರೆಸುವವರ ಜೊತೆ ಮಾತ್ರ ನಾನು ಸ್ವಲ್ಪ ಖಾರ.

ಹಾಂ, ಎಸ್‌ಎಸ್‌ಎಲ್‌ಸಿಯಲ್ಲಿ ನಿಮ್ಮ ವಿಷಯದ 50 ಅಂಕಗಳಲ್ಲಿ 10 ನಿರಂತರ ಮೌಲ್ಯಮಾಪನದ್ದು ಅಲ್ವಾ? ಅದರ ದಾಖಲೆ ಸರಿಯಾಗಿಡಿ. ಸುಮ್ನೆ ಎಲ್ಲರಿಗೂ ಹತ್ತಕ್ಕೆ ಹತ್ತು ಹಾಕಿದರೆ ಕೇಳುವವರು ಕೇಳಿಯೇ ಕೇಳುತ್ತಾರೆ. ಮತ್ತೆ, ಸ್ಪಿರಿಟ್ ದೀಪ ಹಚ್ಚುವುದಿದ್ದರೆ ಸೆರಗಿಗೆ ಪಿನ್ ಹಾಕಿಕೊಳ್ಳಿ.